ಓಡಲು ಶುರು ಮಾಡಬೇಕು, ಆದ್ರೆ ಮಂಗಳೂರಿನ ಬಿಜೈಯಲ್ಲಿ ಎಲ್ಲರಿಗೂ ನನ್ನ ಗುರುತುಂಟು

ಏದುಸಿರು

ಎಲ್ಲರಿಗೂ ನಮಸ್ಕಾರ. ವಯಸ್ಸು 41, ಎತ್ತರ ಐದಡಿ ಎರಡಿಂಚು, ತೂಕ 83 ಕೆ.ಜಿ. ಸಹಕಾರಿ ಸಂಘವೊಂದರ ಕೌಂಟರಿನಲ್ಲಿ ಕೆಲಸ. ಬೆಳಗ್ಗೆ ಕೂತರೆ ಏಳುವುದು ಮಧ್ಯಾಹ್ನದ ಊಟಕ್ಕೇ. ಥೈರಾಯ್ಡ್ ಮಾತ್ರೆ ಉಂಟು. ಬಿ.ಪಿ. ಬಾರ್ಡರಿನಲ್ಲಿದೆ ಅಂತ ಡಾಕ್ಟರು ಹೇಳಿದ್ದಾರೆ. "ದಿನಾ ನಡೀರಿ, ಆಗ್ತದೆ ಅಂತಾದ್ರೆ ಸ್ವಲ್ಪ ಸ್ವಲ್ಪ ಓಡಿ, ತೊಂದರೆ ಇಲ್ಲ" ಅಂದರು.

ನಡೆಯುವುದು ಹೇಗೋ ಆಗುತ್ತದೆ. ನನಗೆ ಓಡಬೇಕು. ಯಾಕೆ ಅಂತ ಕೇಳಿದ್ರೆ ಸರಿಯಾಗಿ ಹೇಳಲು ಬರುವುದಿಲ್ಲ. ಶಾಲೆಯಲ್ಲಿ ಖೋ-ಖೋ ಟೀಮಿನಲ್ಲಿದ್ದೆ. ಆಮೇಲೆ ಓಡಿದ್ದು ಸಿಟಿ ಬಸ್ಸಿನ ಹಿಂದೆ ಮಾತ್ರ. ಈಗ ಅದೂ ಇಲ್ಲ, ನನ್ನನ್ನು ನೋಡಿದ್ರೆ ಕಂಡಕ್ಟರೇ ಸೀಟಿ ಊದಿ ಬಸ್ ನಿಲ್ಲಿಸುತ್ತಾನೆ. ಪಾಪ, ಒಳ್ಳೆಯ ಹುಡುಗ. ಆದ್ರೆ ಅವನು ಹಾಗೆ ಮಾಡಿದಾಗ ನನಗೆ ಬೇಜಾರಾಗುತ್ತದೆ.

ಉಸಿರಿನ ಕಥೆ ಒಂದು ಕಡೆ ಇರಲಿ. ನನ್ನ ನಿಜವಾದ ಸಮಸ್ಯೆ ಜನ. ಅಪರಿಚಿತರಾದ್ರೆ ಸುಮ್ನೆ ತಲೆ ತಗ್ಗಿಸಿ ಓಡಬಹುದು. ನನಗೆ ಸಿಗುವವರೆಲ್ಲ ಗುರುತಿನವರು. ನಮ್ಮ ಮನೆಯಿಂದ ಬಿಜೈ ಚರ್ಚಿನವರೆಗೆ ಹೋದ್ರೆ ಹೂವಿನವರು, ಮೆಡಿಕಲ್‌ನವರು, ಮಗಳ ಟ್ಯೂಷನ್ ಟೀಚರ್, ಗಂಡನ ಕಡೆಯ ಎರಡು ಮನೆ. ಉಳಿದವರಲ್ಲಿ ಅರ್ಧ ಜನ ನನ್ನ ಕೌಂಟರಿಗೆ ಬಂದು ಆರ್.ಡಿ. ಕಟ್ಟುವವರು. ಸಾಲದ್ದಕ್ಕೆ ನಮ್ಮ ಪಿಗ್ಮಿ ಕಲೆಕ್ಷನ್‌ನವರು ಬೈಕಿನಲ್ಲಿ ಎಲ್ಲ ಗಲ್ಲಿಯಲ್ಲೂ ಸುತ್ತುತ್ತಾರೆ. ಅವರು ನೋಡಿದ್ರೆ ಹತ್ತು ಗಂಟೆಗೆ ಆಫೀಸಿಡೀ ಸುದ್ದಿ.

ಆದ್ರೂ ಧೈರ್ಯ ಮಾಡಿ ಒಂದು ಸಂಜೆ, ಕತ್ತಲಾದ ಮೇಲೆ, ಚೂಡಿದಾರದಲ್ಲೇ ಗೇಟು ದಾಟಿ ಓಡಿದೆ. ಟ್ರಾನ್ಸ್‌ಫಾರ್ಮರ್ ಹತ್ತಿರ ಮುಟ್ಟುವಾಗ ಹಿಂದಿನಿಂದ ಸ್ಕೂಟರ್ ಬಂದು ನಿಂತಿತು. ಪಕ್ಕದ ಅಪಾರ್ಟ್‌ಮೆಂಟಿನ ಹುಡುಗ. "ಅಕ್ಕ, ಎಂತಾಯ್ತು? ಯಾರಿಗೆ ಹುಷಾರಿಲ್ಲ? ಕೂತ್ಕೊಳ್ಳಿ, ಬಿಡ್ತೇನೆ" ಅಂದ. ನನಗೆ ಉತ್ತರ ಹೇಳಲು ಉಸಿರಿರಲಿಲ್ಲ. ಅದನ್ನು ನೋಡಿ ಅವನಿಗೆ ಇನ್ನೂ ಗಾಬರಿ. ಕೊನೆಗೆ ಅವನ ಸ್ಕೂಟರಿನಲ್ಲೇ ವಾಪಸ್ ಬಂದೆ ಮಾರಾಯ್ರೆ.

ಜಿಮ್ ಬೇಡ. ಅಲ್ಲಿ ನಾಲ್ಕೂ ಕಡೆ ಕನ್ನಡಿ.

ಈಗ ಕೇಳುವುದು: ಎಲ್ಲಿ ಓಡಬೇಕು? ಎಷ್ಟು ಹೊತ್ತಿಗೆ? ಮೈಮೇಲೆ ಎಂತ ಹಾಕಬೇಕು? ಒಂದು ನಿಮಿಷಕ್ಕೇ ಎದೆ ಹೊಡೆದುಕೊಳ್ಳುವವಳು ಎಲ್ಲಿಂದ ಶುರು ಮಾಡುವುದು? ಇನ್ನೊಂದು, ನಗಬೇಡಿ. ಹೆರಿಗೆ ಆದ ಹೆಂಗಸರು ಓಡಿದ್ರೆ ಗರ್ಭಕೋಶ ಜಾರುತ್ತದೆ ಅಂತ ದೊಡ್ಡಮ್ಮ ಹೆದರಿಸಿದ್ದಾರೆ. ನನ್ನದು ಎರಡು ಹೆರಿಗೆ. ಇದು ನಿಜವಾ?

ಪುಳಿಮುಂಚಿ

ಅಕ್ಕ, ನಮ್ಮ ಜಿಲ್ಲೆಯಲ್ಲಿ ಓಡುವವರ ಮುಂದೆ ಎರಡು ಕೋಣ ಇರಬೇಕು. ಇಲ್ಲದಿದ್ರೆ ಜನ ಅದನ್ನು ಓಟ ಅಂತ ಒಪ್ಪುವುದಿಲ್ಲ. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕೆಸರನ್ನು 13.62 ಸೆಕೆಂಡಿನಲ್ಲಿ ದಾಟಿದಾಗ ದೇಶವೇ ಎದ್ದು ಕೂತಿತ್ತು. ನಿಮ್ಮನ್ನು ನೋಡಿ ಒಬ್ಬ ಸ್ಕೂಟರ್ ನಿಲ್ಲಿಸಿದ ಅಷ್ಟೇ ಅಲ್ವಾ, ಪರವಾಗಿಲ್ಲ.

ತಮಾಷೆ ಬಿಡಿ. ಆದಿತ್ಯವಾರ ಬೆಳಗ್ಗೆ ಪಣಂಬೂರು ಬೀಚಿಗೆ ಹೋಗಿ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಮರಳ ಮೇಲೆ ಓಡಿ. ಮೆತ್ತಗಿರುತ್ತದೆ, ಮಂಡಿಗೆ ಪೆಟ್ಟಿಲ್ಲ, ಯಾರೂ ನಿಮ್ಮನ್ನು ನೋಡುವುದಿಲ್ಲ. ಎಲ್ಲರೂ ಸೆಲ್ಫಿಯಲ್ಲಿರುತ್ತಾರೆ.

ಉರ್ವಸ್ಟೋರ್ ಅಕ್ಕ

ತಂಗಿ, ನಾನು ಓಡಲು ಶುರು ಮಾಡಿದ್ದು ಐವತ್ತು ದಾಟಿದ ಮೇಲೆ. ಈಗಲೂ ನನ್ನನ್ನು ದಾಟಿ ಹೋಗದವರು ಮಂಗಳೂರಲ್ಲಿ ಕಡಿಮೆ. ಹಾಗಾಗಿ ನಿಧಾನದ ಬಗ್ಗೆ ಎಂತ ಬೇಕಾದ್ರೂ ಕೇಳಿ.

ಮೊದಲ ಮಾತು, ಕತ್ತಲೆ ಬೇಡ, ಖಾಲಿ ಗಲ್ಲಿಯೂ ಬೇಡ. ಯಾರೂ ಇಲ್ಲದ ಕಡೆ ಓಡಿದ್ರೆ ಯಾರೂ ನೋಡುವುದಿಲ್ಲ ಅಂತ ನಾವೆಲ್ಲ ಲೆಕ್ಕ ಹಾಕುತ್ತೇವೆ. ಆಗುವುದು ಉಲ್ಟಾ. ಖಾಲಿ ಗಲ್ಲಿಯಲ್ಲಿ ಓಡುವ ಹೆಂಗಸು ಅಂದ್ರೆ ಅದೇ ಒಂದು ಘಟನೆ. ನಾಯಿ ಬೊಗಳುತ್ತದೆ, ಕಿಟಕಿ ತೆರೆಯುತ್ತದೆ, ಸ್ಕೂಟರ್ ನಿಲ್ಲುತ್ತದೆ. ಕಾಂಕ್ರೀಟ್ ರಸ್ತೆಯ ಅಂಚು ಕತ್ತಲಲ್ಲಿ ಕಾಣದೆ ಕಾಲು ಉಳುಕಿದ್ರೆ ಅದು ಬೇರೆ. ಅದೇ ನೀವು ಬೆಳಗ್ಗೆ ಆರರ ಸುಮಾರಿಗೆ ಲಾಲ್‌ಬಾಗ್ ಹತ್ತಿರದ ಮಂಗಳಾ ಸ್ಟೇಡಿಯಂಗೋ ಕದ್ರಿ ಪಾರ್ಕಿಗೋ ಹೋಗಿ. ವಾಕಿಂಗಿನವರು ಗುಂಪು ಗುಂಪು. ಮೊಮ್ಮಗನ ಸೀಟು, ಬೂತಾಯಿ ಮೀನಿನ ರೇಟು, ಸೊಸೆಯ ದೂರು, ಅವರ ಮಾತಿನಲ್ಲಿ ಅವರಿರುತ್ತಾರೆ. ಬೆವರು ಸುರಿಸಿಕೊಂಡು ಹೋಗುವ ಹತ್ತು ಜನರಲ್ಲಿ ನೀವು ಹನ್ನೊಂದನೆಯವರು. ಬಿಜೈಯಿಂದ ಲಾಲ್‌ಬಾಗಿಗೆ ನಡೆದೇ ಹೋಗಿ, ಅದೇ ನಿಮ್ಮ ವಾರ್ಮಪ್.

ಗುರುತಿನವರು ಸಿಕ್ಕೇ ಸಿಗುತ್ತಾರೆ. ಅವರಿಗೆ ಒಂದು ವಾಕ್ಯ ರೆಡಿ ಇಟ್ಟುಕೊಳ್ಳಿ: "ಡಾಕ್ಟ್ರು ಹೇಳಿದ್ದಾರೆ." ನಮ್ಮೂರಲ್ಲಿ ಈ ಮಾತಿಗೆ ಎದುರು ಮಾತಿಲ್ಲ. ಆಸೆಯಿಂದ ಓಡುತ್ತೇನೆ ಅಂದ್ರೆ ನಗುವವರು, ಡಾಕ್ಟ್ರು ಹೇಳಿದ್ದಾರೆ ಅಂದ ಕೂಡಲೇ ದಾರಿ ಬಿಡುತ್ತಾರೆ. ತಮ್ಮ ಶುಗರ್ ರಿಪೋರ್ಟ್ ಹೇಳಲು ಶುರು ಮಾಡುತ್ತಾರೆ. ಅಷ್ಟರಲ್ಲಿ ನೀವು ಮುಂದೆ ಹೋಗಿಬಿಡಿ. ನಿಮ್ಮ ವಿಷಯದಲ್ಲಿ ಇದು ಸುಳ್ಳೂ ಅಲ್ಲ.

ಈಗ ಓಟ. ನೀವು ಗೇಟಿನಿಂದ ಟ್ರಾನ್ಸ್‌ಫಾರ್ಮರ್‌ವರೆಗೆ ಓಡಿದ್ದು ಖೋ-ಖೋ ಓಟ, ಅಲ್ವಾ? ದೇಹಕ್ಕೆ ನೆನಪಿರುವುದು ಅದೊಂದೇ. ಅದನ್ನು ಮರೆತುಬಿಡಿ. ಪಕ್ಕದಲ್ಲಿ ಗೆಳತಿ ಇದ್ದಾಳೆ, ಅವಳಿಗೆ ನಿನ್ನೆಯ ಸೀರಿಯಲ್ ಕಥೆ ಪೂರ್ತಿ ವಾಕ್ಯದಲ್ಲಿ ಹೇಳಬೇಕು, ಅಷ್ಟು ನಿಧಾನ. ಒಂದೊಂದೇ ಶಬ್ದ ತುಂಡು ತುಂಡಾಗಿ ಬಂದ್ರೆ ನೀವು ಜೋರಾದಿರಿ ಅಂತ ಅರ್ಥ. ವಾಕಿಂಗಿನ ಅಜ್ಜ ನಿಮ್ಮನ್ನು ಹಿಂದೆ ಹಾಕಿದ್ರೂ ಹಾಕಲಿ. ಹಾಕುತ್ತಾರೆ. ನನಗೆ ಒಬ್ಬರು ಪ್ರತಿ ಸುತ್ತಿಗೂ "ಹೆಲೋ" ಹೇಳಿ ದಾಟುತ್ತಿದ್ದರು.

"ಕೌಚ್ ಟು ಫೈವ್ ಕೆ" ಅಂತ ಒಂದು ಕ್ರಮ ಉಂಟು, ಮೊಬೈಲಿನಲ್ಲಿ ಸಿಗುತ್ತದೆ. 1996ರಲ್ಲಿ ಜೋಶ್ ಕ್ಲಾರ್ಕ್ ಎಂಬ ಅಮೆರಿಕದ ಹುಡುಗ ಐವತ್ತು ದಾಟಿದ ತನ್ನ ಅಮ್ಮನನ್ನು ಸೋಫಾದಿಂದ ಎಬ್ಬಿಸಲು ಮಾಡಿದ್ದು. ಅಂದ್ರೆ ನಮ್ಮಂಥವರಿಗೇ ಮಾಡಿದ್ದು. ವಾರಕ್ಕೆ ಮೂರೇ ದಿನ. ಮೊದಲ ವಾರ ಐದು ನಿಮಿಷ ಚುರುಕಾಗಿ ನಡಿಗೆ, ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ. ಹೀಗೆ 20 ನಿಮಿಷ, ಸಾಕು. ಒಂಬತ್ತು ವಾರದಲ್ಲಿ ಐದು ಕಿಲೋಮೀಟರ್ ಅಂತ ಬರೆದಿದೆ. ಅದನ್ನು ನಂಬಬೇಡಿ. ಐದನೇ ವಾರದ ಮೂರನೇ ದಿನ ಒಮ್ಮೆಲೇ 20 ನಿಮಿಷ ನಿಲ್ಲದೆ ಓಡಿ ಅನ್ನುತ್ತದೆ. ನಮ್ಮ ಸೆಕೆಗೆ ಅದು ಸ್ವಲ್ಪ ಜಾಸ್ತಿಯೇ. ಯಾವ ವಾರ ಕಷ್ಟವಾಯಿತೋ ಅದನ್ನೇ ಮತ್ತೆ ಮಾಡಿ. ಇಪ್ಪತ್ತು ವಾರ ತೆಗೆದುಕೊಂಡ್ರೆ ಯಾರೂ ದಂಡ ಹಾಕುವುದಿಲ್ಲ.

ಬಟ್ಟೆ. ಚೂಡಿದಾರದ ಶಾಲು ಮನೆಯಲ್ಲಿರಲಿ. ಟ್ರ್ಯಾಕ್ ಪ್ಯಾಂಟ್, ಮೇಲೆ ತೊಡೆಯವರೆಗೆ ಬರುವ, ಬದಿಯಲ್ಲಿ ಸೀಳಿರುವ ಟೀ-ಶರ್ಟ್ ಸಿಗುತ್ತದೆ. ಹತ್ತಿ ಬಟ್ಟೆ ತಂಪು ಅಂತ ಎಲ್ಲರೂ ಹೇಳುತ್ತಾರೆ. ಕೂತವರಿಗೆ ತಂಪು, ಓಡುವವರಿಗಲ್ಲ. ಹತ್ತು ನಿಮಿಷಕ್ಕೆ ನೆನೆದು ಮೈಗೆ ಅಂಟಿ, ಇದ್ದಬದ್ದ ಮಡಿಕೆಯನ್ನೆಲ್ಲ ತೋರಿಸುತ್ತದೆ. ಬೇಗ ಒಣಗುವ ಪಾಲಿಯೆಸ್ಟರ್ ತೆಗೆದುಕೊಳ್ಳಿ, ಗಾಢ ಬಣ್ಣದ್ದು. ತೊಡೆ ತೊಡೆ ಉಜ್ಜುವ ಕಡೆ ಹೊರಡುವ ಮೊದಲೇ ವ್ಯಾಸಲಿನ್ ಹಚ್ಚಿ. ಮರೆತ್ರೆ ಸ್ನಾನದ ನೀರು ಬಿದ್ದಾಗ ನೆನಪಾಗುತ್ತದೆ.

ಎಲ್ಲಕ್ಕಿಂತ ಮುಖ್ಯ ಸ್ಪೋರ್ಟ್ಸ್ ಬ್ರಾ. ಶೂಗಿಂತ ಮೊದಲು ಇದಕ್ಕೆ ದುಡ್ಡು ಹಾಕಿ. ಹೆಂಗಸರಿಗೆ ಓಡುವಾಗ ನಾಚಿಕೆ ಬರುವುದರಲ್ಲಿ ಅರ್ಧ ಪಾಲು ಇದರದ್ದೇ. ಟ್ರಯಲ್ ರೂಮಿನಲ್ಲಿ ಹಾಕಿಕೊಂಡು ಹಾರಿ ನೋಡಿ. ಕುಣಿತ ನಿಲ್ಲದಿದ್ರೆ ಅದು ಬೇಡ, ಬೇರೆ ಕೊಡಿ ಅನ್ನಿ. ಅಂಗಡಿ ಹುಡುಗಿಗೆ ಸದ್ದು ಕೇಳಿದ್ರೆ ಕೇಳಲಿ.

ಪಿ.ಟಿ. ಮೇಷ್ಟ್ರು (ನಿವೃತ್ತ)

ಉರ್ವಸ್ಟೋರಿನವರು ಹೇಳಿದ್ದಕ್ಕೆ ಹೆಚ್ಚು ಸೇರಿಸುವುದಿಲ್ಲ. ಒಂದೇ ತಕರಾರು. ನಮ್ಮ ಬಿಜೈ ತಂಗಿ ಮೊದಲ ದಿನವೇ ಓಡುವುದು ಬೇಡ. ಮೂರು ವಾರ ಚುರುಕಾಗಿ ನಡೆಯಲಿ, ದಿನಕ್ಕೆ ಅರ್ಧ ಗಂಟೆ. ಉಸಿರಾಟಕ್ಕೆ ಬೇಗ ಅಭ್ಯಾಸ ಆಗುತ್ತದೆ. ಮೂಳೆ, ಸ್ನಾಯುವಿನ ಬುಡ, ಇವಕ್ಕೆ ತಿಂಗಳುಗಳೇ ಬೇಕು. ಎರಡನೇ ವಾರದಲ್ಲಿ "ಆಹಾ, ಆಗ್ತದೆ" ಅಂತ ಹುರುಪು ಬಂದು ಜಾಸ್ತಿ ಓಡಿದವರೇ ನಾಲ್ಕನೇ ವಾರ ಕುಂಟುತ್ತಾ ಬರುವುದು. ಮಕ್ಕಳಲ್ಲೂ ನೋಡಿದ್ದೇನೆ, ಮಕ್ಕಳ ಅಪ್ಪಂದಿರಲ್ಲೂ.

ಮಂಗಳೂರು ಗುಡ್ಡದ ಊರು. ಬಿಜೈಯಿಂದ ಕದ್ರಿ ಕಡೆ ಹೊರಟ್ರೆ ಏರು, ಬಾವುಟಗುಡ್ಡೆ ಕಡೆ ಹೋದ್ರೂ ಏರು. ಏರಿನಲ್ಲಿ ಓಡಲೇಬೇಡಿ, ನಡೆಯಿರಿ. ಇಳಿಜಾರಿನಲ್ಲೂ ಹಾರಬೇಡಿ, ಮಂಡಿಗೆ ಹೆಚ್ಚು ಪೆಟ್ಟು ಇಳಿಯುವಾಗಲೇ. ಅದಕ್ಕೇ ಸ್ಟೇಡಿಯಂ ಒಳ್ಳೆಯದು. ಅಲ್ಲಿ ಸಿಂಥೆಟಿಕ್ ಟ್ರ್ಯಾಕ್ ಮೇಲೆ ಯಾವ ಹೊತ್ತಿಗೆ ಬಿಡುತ್ತಾರೆ ಅಂತ ಗೇಟಿನಲ್ಲಿ ಮೊದಲೇ ಕೇಳಿಕೊಳ್ಳಿ. ಬಿಟ್ಟರೆ ಒಳಗಿನ ಲೇನು ಅಭ್ಯಾಸದ ಮಕ್ಕಳಿಗೆ ಬಿಟ್ಟು ಹೊರಗಿನ ಲೇನಿನಲ್ಲಿ ಹೋಗಿ. ಒಳಗಿನ ಲೇನಿನ ಒಂದು ಸುತ್ತು 400 ಮೀಟರ್, ಎಂಟನೇ ಲೇನಿನದ್ದು 450ರ ಮೇಲೆ. ಜಾಸ್ತಿ ಓಡಿದ ಲಾಭ ನಿಮ್ಮದೇ. ಮಂಗಳೂರಲ್ಲಿ ಬೆಳೆದ ಎಂ.ಆರ್. ಪೂವಮ್ಮ 2014 ಮತ್ತು 2018ರ ಏಷ್ಯನ್ ಗೇಮ್ಸ್‌ನ 4x400 ರಿಲೇಯಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. ಅವರು ಓಡಿದ ದೂರ ನಿಮ್ಮ ಒಂದು ಸುತ್ತಿನಷ್ಟೇ. ಸಮಯದ ಮಾತು ಮಾತ್ರ ಬೇಡ.

ದೊಡ್ಡಮ್ಮನ ಮಾತಿಗೆ: ಇದು ಬಿಜೈಯಲ್ಲಿ ಹುಟ್ಟಿದ ಮಾತಲ್ಲ ತಂಗಿ. ಇಡೀ ಲೋಕದ ದೊಡ್ಡ ದೊಡ್ಡ ಮನುಷ್ಯರು ಕೋಟು ಹಾಕಿಕೊಂಡು ಇದನ್ನೇ ಹೇಳುತ್ತಿದ್ದರು. 1928ರ ಒಲಿಂಪಿಕ್ಸ್‌ನಲ್ಲಿ ಹೆಂಗಸರು 800 ಮೀಟರ್ ಓಡಿ ಸುಸ್ತಾದರು ಅಂತ ಆ ಓಟವನ್ನೇ ತೆಗೆದುಹಾಕಿದರು. ಮತ್ತೆ ಬಂದದ್ದು 1960ಕ್ಕೆ. ಗಂಡಸರು ಸುಸ್ತಾಗಿ ಬಿದ್ದ ಎಷ್ಟೋ ಓಟಗಳುಂಟು, ಅವನ್ನು ಯಾರೂ ತೆಗೆಯಲಿಲ್ಲ. ಹೆಂಗಸರಿಗೆ ಒಲಿಂಪಿಕ್ ಮ್ಯಾರಥಾನ್ ಸಿಕ್ಕಿದ್ದು 1984ರಲ್ಲಿ. ನಿಮ್ಮ ದೊಡ್ಡಮ್ಮನಿಗೆ ಆಗ ಮದುವೆ ಆಗಿರಬಹುದು. ಅವರನ್ನು ದೂರಿ ಪ್ರಯೋಜನ ಇಲ್ಲ.

ಏದುಸಿರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓದುತ್ತಾ ಓದುತ್ತಾ ಆಫೀಸಿನಲ್ಲಿ ನಗು ಬಂದು ಕ್ಯಾಷಿಯರ್ ನನ್ನನ್ನೇ ನೋಡಿದರು.

ಮೇಷ್ಟ್ರೇ, ನೀವು ಹೇಳಿದ ಹಾಗೆ ಮೊದಲು ನಡೆದೇ ನಡೆದೆ. ಈಗ ಒಂದು ನಿಮಿಷದ ಓಟಕ್ಕೆ ಬಂದಿದ್ದೇನೆ. ಸ್ಟೇಡಿಯಂನಲ್ಲಿ ಒಂದು ಕಥೆ ಆಯ್ತು. ತಿಂಗಳು ತಿಂಗಳು ಇಸ್ತ್ರಿ ಹಾಕಿದ ಬಿಳಿ ಷರಟಿನಲ್ಲಿ ಬಂದು, ಒಂದು ರೂಪಾಯಿ ಬಡ್ಡಿ ಕಡಿಮೆ ಕಂಡರೂ ಮ್ಯಾನೇಜರ್‌ವರೆಗೆ ಹೋಗುವ ಸದಸ್ಯರೊಬ್ಬರಿದ್ದಾರೆ. ಅವರು ಎದುರಿನಿಂದ ಬರುತ್ತಿದ್ದಾರೆ. ಬನಿಯನ್ನು, ಅದರಲ್ಲಿ ಎರಡು ತೂತು, ಮಗನದ್ದಿರಬೇಕು ಅನ್ನಿಸುವ ಹಳದಿ ಚಡ್ಡಿ, ಮೊಣಕಾಲಿಗೆ ಕ್ಯಾಪ್. ನಾನು ತಲೆ ತಗ್ಗಿಸಬೇಕು ಅನ್ನುವಷ್ಟರಲ್ಲಿ ಅವರೇ ಗಕ್ಕನೆ ಬಗ್ಗಿ ಶೂ ಲೇಸ್ ಕಟ್ಟತೊಡಗಿದರು. ನಾನು ದಾಟಿ ಹೋಗುವವರೆಗೂ ಕಟ್ಟಿದರು. ಅವರ ಶೂಗೆ ಲೇಸೇ ಇರಲಿಲ್ಲ, ಪಟ್ಟಿಯದ್ದು! ಮೊನ್ನೆ ಕೌಂಟರಿಗೆ ಬಂದವರು ಇಬ್ಬರಿಗೂ ಸ್ಟೇಡಿಯಂ ಎಂಬ ಜಾಗವೇ ಗೊತ್ತಿಲ್ಲದ ಹಾಗೆ ಪಾಸ್‌ಬುಕ್ ಕೊಟ್ಟು ಹೋದರು. ಬಡ್ಡಿಯ ಬಗ್ಗೆಯೂ ಕೇಳಲಿಲ್ಲ.

ಈಗ ನನ್ನ ಸಂಶಯಗಳು. ಮುಂಗಾಲಿನ ಮೂಳೆಯ ಒಳಬದಿ ನೋಯುತ್ತದೆ, ಪಾದದಿಂದ ಮೊಣಕಾಲಿಗೆ ಹೋಗುವ ದಾರಿಯಲ್ಲಿ. ಬಲ ಪಕ್ಕೆಯಲ್ಲಿ ಒಮ್ಮೊಮ್ಮೆ ಚುಚ್ಚುತ್ತದೆ. ಮಾತ್ರೆ ನುಂಗಿ ಹೊಟ್ಟೆಗೆ ಏನೂ ಇಲ್ಲದೆ ಓಡಬಹುದಾ? ಇನ್ನೊಂದು ವಿಷಯ ಹೇಗೆ ಬರೆಯುವುದು ಅಂತ ಗೊತ್ತಾಗುತ್ತಿಲ್ಲ. ಓಡುವಾಗ ಎರಡು ಹನಿ ಮೂತ್ರ ಹೋದ ಹಾಗಾಗುತ್ತದೆ. ನಿಂತ್ರೆ ಏನೂ ಇಲ್ಲ. ಇದನ್ನೇನಾ ದೊಡ್ಡಮ್ಮ ಹೇಳಿದ್ದು?

ಮೂಳೆಮಾಂಸ

ಕಂಕನಾಡಿ ಕಡೆ ಫಿಸಿಯೋಥೆರಪಿ ಮಾಡುತ್ತೇನೆ. ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕಂದ್ರೆ ಅದನ್ನು ಕೇಳದೆ ಓಟ ಬಿಟ್ಟುಬಿಡುವ ಹೆಂಗಸರು ಬಹಳ.

ಹೆರಿಗೆ ಆದವರಿಗೆ ಓಡುವಾಗ, ಕೆಮ್ಮುವಾಗ, ಸೀನುವಾಗ ಹನಿ ಹೋಗುವುದು ತುಂಬಾ ಸಾಮಾನ್ಯ. ಆದ್ರೆ ಸಾಮಾನ್ಯ ಅಂತ ಸುಮ್ಮನಿರಬೇಕಾಗಿಲ್ಲ. ಕೆಳಹೊಟ್ಟೆಯ ಅಂಗಗಳನ್ನು ಕೆಳಗಿನಿಂದ ಹೊತ್ತು ನಿಂತ ಸ್ನಾಯು ಸಡಿಲವಾಗಿರುತ್ತದೆ, ಅದನ್ನು ಬಲಪಡಿಸಬಹುದು. ಅದಕ್ಕೇ ಕೆಗೆಲ್ ವ್ಯಾಯಾಮ ಇರುವುದು. ಮೂತ್ರ ತಡೆಯುವಾಗ ಯಾವುದನ್ನು ಬಿಗಿ ಹಿಡಿಯುತ್ತೀರೋ ಅದನ್ನೇ ಒಳಗೆ, ಮೇಲಕ್ಕೆ ಎಳೆದು ಕೆಲವು ಸೆಕೆಂಡ್ ಹಿಡಿಯಿರಿ. ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಬಾರದು. ಕೌಂಟರಿನಲ್ಲಿ ಕೂತೇ ಮಾಡಬಹುದು, ಎದುರಿನವರಿಗೆ ಗೊತ್ತಾಗುವುದಿಲ್ಲ. ನಿಜವಾಗಿ ಮೂತ್ರ ಹೋಗುತ್ತಿರುವಾಗ ತಡೆದು ತಡೆದು ಅಭ್ಯಾಸ ಮಾಡಬೇಡಿ. ಫಲ ಕಾಣಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಓಡುವ ಮೊದಲು ಟಾಯ್ಲೆಟ್‌ಗೆ ಹೋಗಿ ಬನ್ನಿ, ತೆಳು ಪ್ಯಾಡ್ ಇಟ್ಟುಕೊಳ್ಳಿ.

ದೊಡ್ಡಮ್ಮನ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಗರ್ಭಕೋಶ ಈಗಾಗಲೇ ಜಾರಿರುವವರೂ ಇರುತ್ತಾರೆ. ಕೆಳಗೆ ಭಾರ ಎಳೆದ ಹಾಗೆ, ಏನೋ ಇಳಿದು ಬಂದ ಹಾಗೆ ಅನ್ನಿಸಿದ್ರೆ ಓಟ ನಿಲ್ಲಿಸಿ, ಹೆಂಗಸರ ಡಾಕ್ಟರಿಗೆ ತೋರಿಸಿ. ಅಂಥದ್ದು ಇಲ್ಲದಿದ್ರೆ ನಿಮ್ಮ ನಿಧಾನದ ಓಟದಿಂದ ಏನೂ ಜಾರುವುದಿಲ್ಲ.

ಮುಂಗಾಲಿನ ನೋವು ಹೊಸಬರಿಗೆ ಸಾಮಾನ್ಯ. ಶಿನ್ ಸ್ಪ್ಲಿಂಟ್ಸ್ ಅನ್ನುತ್ತಾರೆ. ಮೂಳೆಯುದ್ದಕ್ಕೂ ಹರಡಿದ ನೋವಾದ್ರೆ ಒಂದು ವಾರ ಓಟ ಬಿಟ್ಟು ನಡೆಯಿರಿ, ಸಂಜೆ ಐಸ್ ಇಡಿ. ಮತ್ತೆ ಶುರು ಮಾಡುವಾಗ ಓಡುವ ನಿಮಿಷ ಕಡಿಮೆ ಮಾಡಿ, ಹೆಜ್ಜೆ ಚಿಕ್ಕದಿಡಿ. ಪಾದ ದೇಹದ ಕೆಳಗೇ ಬೀಳಬೇಕು, ಮುಂದಕ್ಕೆ ಚಾಚಬಾರದು. ಬೆರಳಿಟ್ಟು ತೋರಿಸುವಂತೆ ಒಂದೇ ಜಾಗದಲ್ಲಿ ನೋವಿದ್ರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ರೆ, ಅದು ಮೂಳೆಯ ಸಣ್ಣ ಬಿರುಕಿರಬಹುದು. ಆಗ ತೋರಿಸಲೇಬೇಕು. ಮನೆಯಲ್ಲಿ ಹಳೆಯ ಕ್ಯಾನ್ವಾಸ್ ಶೂ ಇದ್ರೆ ಅದನ್ನು ಮಳೆಗಾಲಕ್ಕೆ ಗಾರ್ಡನಿಗೆ ಇಟ್ಟುಕೊಳ್ಳಿ, ಓಡಲು ಬೇಡ. ಹೊಸ ಶೂ ಸಂಜೆ ಹೊತ್ತು ಕೊಳ್ಳಿ. ಆಗ ಪಾದ ಸ್ವಲ್ಪ ಊದಿರುತ್ತದೆ, ಅಳತೆ ಸರಿ ಸಿಗುತ್ತದೆ. ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಇರಲಿ.

ಪಕ್ಕೆ ಚುಚ್ಚಿದಾಗ ನಡಿಗೆಗೆ ಇಳಿಯಿರಿ, ಬಾಯಿಯಿಂದ ಉದ್ದಕ್ಕೆ ಉಸಿರು ಬಿಡಿ, ಹೋಗುತ್ತದೆ. ಹೊಟ್ಟೆ ತುಂಬಾ ನೀರು ಕುಡಿದು ಓಡಿದ್ರೆ ಹೆಚ್ಚು. ಥೈರಾಯ್ಡ್ ಮಾತ್ರೆಗೆ ಹೇಗೂ ತಿಂಡಿಗಿಂತ ಅರ್ಧದಿಂದ ಒಂದು ಗಂಟೆ ಮೊದಲು ಖಾಲಿ ಹೊಟ್ಟೆ ಬೇಕು. ಎದ್ದ ಕೂಡಲೇ ನೀರಿನಲ್ಲಿ ನುಂಗಿ ಹೊರಡಿ. ಇಪ್ಪತ್ತು ಮೂವತ್ತು ನಿಮಿಷಕ್ಕೆ ಹೊಟ್ಟೆಯಲ್ಲಿ ಏನೂ ಬೇಡ. ಬಂದು ಗಂಜಿ ಉಣ್ಣಿ. ಎದೆ ಬಿಗಿದ ಹಾಗೆ, ಎಡಗೈಗೋ ದವಡೆಗೋ ನೋವು ಹರಿದ ಹಾಗೆ, ತಲೆ ತಿರುಗಿದ ಹಾಗೆ ಆದ್ರೆ ಅಲ್ಲೇ ನಿಲ್ಲಿಸಿ. ಸುತ್ತು ಮುಗಿಸಿ ನೋಡುವ ಅಂತ ಹೊರಡಬೇಡಿ.

ಪುಳಿಮುಂಚಿಯವರೇ, ನಿಮ್ಮ ಬರಿಗಾಲಿನ ಬೀಚ್ ಸಲಹೆಯ ಫಲ ನನ್ನ ಟೇಬಲ್ ಮೇಲೆ ಬಂದು ಮಲಗುತ್ತದೆ. ಒಣ ಮರಳಿನಲ್ಲಿ ಹಿಮ್ಮಡಿ ಹೂತುಹೋಗಿ ಮೀನಖಂಡಕ್ಕೂ ಹಿಮ್ಮಡಿಯ ನರಕ್ಕೂ ವಿಪರೀತ ಎಳೆತ. ಒದ್ದೆ ಮರಳು ಗಟ್ಟಿ, ಆದ್ರೆ ಸಮುದ್ರದ ಕಡೆ ಓರೆ. ಒಂದೇ ದಿಕ್ಕಿಗೆ ಓಡಿದ್ರೆ ಒಂದು ಕಾಲು ಸದಾ ಕೆಳಗೆ. ಬೀಚಿನಲ್ಲಿ ನಡೆಯಿರಿ, ಚೆನ್ನಾಗಿರುತ್ತದೆ.

ಪುಳಿಮುಂಚಿ

ಕ್ಷಮಿಸಿ ಡಾಕ್ಟ್ರೇ. ಆದ್ರೆ ಓಡಿದ್ರೆ ಮಂಡಿ ಸವೆಯುತ್ತದೆ ಅಂತ ನಮ್ಮ ಅಪ್ಪ ನನಗೂ ಹೇಳುತ್ತಾರಲ್ಲ. ಅವರು ಓಡಿದ್ದೇ ಇಲ್ಲ, ಅವರ ಮಂಡಿ ಸವೆದಿದೆ.

ಮೂಳೆಮಾಂಸ

ನಿಮ್ಮ ಪ್ರಶ್ನೆಯಲ್ಲೇ ಉತ್ತರ ಉಂಟು. ಹಲವು ಅಧ್ಯಯನ ಒಟ್ಟು ಸೇರಿಸಿ 2017ರಲ್ಲಿ ಲೆಕ್ಕ ಹಾಕಿದಾಗ, ಹವ್ಯಾಸಕ್ಕೆ ಓಡುವವರಲ್ಲಿ ಮಂಡಿ, ಸೊಂಟದ ಕೀಲು ಸವೆದದ್ದು ನೂರಕ್ಕೆ ಮೂರೂವರೆ. ಓಡದೆ ಕೂತವರಲ್ಲಿ ನೂರಕ್ಕೆ ಹತ್ತು. ಸ್ಪರ್ಧೆಗೆ ಅಂತ ಮೈಮುರಿದು ಓಡುವವರಲ್ಲಿ ಇನ್ನೂ ಜಾಸ್ತಿ. ಓಡಿದ್ದರಿಂದಲೇ ಮಂಡಿ ಉಳಿಯಿತು ಅಂತ ಇದರಿಂದ ಹೇಳಲಾಗುವುದಿಲ್ಲ. ಮಂಡಿ ಚೆನ್ನಾಗಿದ್ದವರೇ ಓಟ ಮುಂದುವರಿಸಿರಬಹುದು. ಆದ್ರೆ ಅಪ್ಪನ ಮಾತಿಗೆ ಹೆದರಿ ಮನೆಯಲ್ಲಿ ಕೂರಬೇಕಾಗಿಲ್ಲ.

ಉರ್ವಸ್ಟೋರ್ ಅಕ್ಕ

ತಂಗಿ, ಆ ಎರಡು ಹನಿ ನನಗೂ ಉಂಟು. ನನ್ನ ಜೊತೆ ನಡೆಯುವ ಗುಂಪಿನಲ್ಲಿ ಒಂದು ದಿನ ಬಾಯಿಬಿಟ್ಟೆ, ನೋಡಿದ್ರೆ ಎಲ್ಲರಿಗೂ ಉಂಟು. ಅದಕ್ಕೇ ನಾವು ಯಾರೂ ತಿಳಿ ಬಣ್ಣದ ಪ್ಯಾಂಟ್ ಹಾಕುವುದಿಲ್ಲ.

ಸೆಕೆಯ ವಿಷಯ ಯಾರೂ ಬಿಡಿಸಿ ಹೇಳಲಿಲ್ಲ. ಬೆಂಗಳೂರಿನ ನನ್ನ ಅಕ್ಕನ ಮಗಳು ಇಲ್ಲಿ ಬಂದು ಓಡಿ, "ಚಿಕ್ಕಮ್ಮ, ನನ್ನ ಸ್ಟ್ಯಾಮಿನಾ ಎಲ್ಲಿ ಹೋಯ್ತು" ಅಂತ ಕಂಗಾಲಾದಳು. ಎಲ್ಲೂ ಹೋಗಿಲ್ಲ. ಬೆವರು ಆರಿದ್ರೆ ತಾನೇ ಮೈ ತಣ್ಣಗಾಗುವುದು. ಇಲ್ಲಿ ಬೆವರು ಸುರಿಯುತ್ತದೆ, ಆರುವುದಿಲ್ಲ. ಅದೇ ವೇಗಕ್ಕೆ ಎದೆ ಜಾಸ್ತಿ ಹೊಡೆದುಕೊಳ್ಳುತ್ತದೆ. ಮಾರ್ಚ್ ಬಂದ ಮೇಲೆ ನೀವು ಡಿಸೆಂಬರಿಗಿಂತ ನಿಧಾನ ಆಗುತ್ತೀರಿ. ಹಿಂದೆ ಬಿದ್ದೆ ಅಂತ ಬೇಸರ ಮಾಡಬೇಡಿ. ಓಡಿ ಬಂದು ಒಂದು ಬೊಂಡ (ಎಳನೀರು) ಕುಡಿಯಿರಿ, ಅಥವಾ ಉಪ್ಪು ಹಾಕಿದ ಗಂಜಿ ತಿಳಿ. ಬಾಟಲಿಯ ಬಣ್ಣದ ನೀರಿಗೆ ದುಡ್ಡು ಹಾಕಬೇಡಿ.

ಪಿ.ಟಿ. ಮೇಷ್ಟ್ರು (ನಿವೃತ್ತ)

ಜೂನ್ ಬಂದ್ರೆ ಎಂತ ಮಾಡುವುದು ಅಂತ ಈಗಲೇ ಯೋಚಿಸಿಡಿ. ನಮ್ಮಲ್ಲಿ ಅಭ್ಯಾಸ ತಪ್ಪುವುದೇ ಮಳೆಗಾಲದಲ್ಲಿ. ಸಣ್ಣ ಮಳೆಗೆ ಓಡಬಹುದು, ಸೆಕೆಗಿಂತ ಸುಖ. ಸಿಡಿಲಿದ್ರೆ ಮೈದಾನದಲ್ಲಿ ನಿಲ್ಲಬೇಡಿ. ನೀರು ನಿಂತ ರಸ್ತೆಯಲ್ಲಿ ಗುಂಡಿ ಕಾಣುವುದಿಲ್ಲ. ಕಾಲಲ್ಲಿ ಗಾಯ ಇದ್ದಾಗ ಆ ನೀರಿಗೆ ಇಳಿಯಲೇಬೇಡಿ, ಇಲಿಜ್ವರ ನಮ್ಮ ಕಡೆ ಹೊಸದಲ್ಲ. ಜೋರು ಮಳೆಯ ದಿನ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿ, ಲಿಫ್ಟಿನಲ್ಲಿ ಇಳಿಯಿರಿ.

ಏದುಸಿರು

ಮೂಳೆಮಾಂಸ ಡಾಕ್ಟ್ರೇ, ಕೌಂಟರಿನಲ್ಲಿ ಕೂತು ಕೆಗೆಲ್ ಶುರು ಮಾಡಿದ್ದೇನೆ. ಎಫ್.ಡಿ. ಬಾಂಡ್ ಬರೆಯುವಾಗ ಮಾಡಿದ್ರೆ ತಾರೀಕು ತಪ್ಪುತ್ತದೆ, ಹಾಗಾಗಿ ಪ್ರಿಂಟರ್ ಓಡುವಾಗ ಮಾತ್ರ. ಮುಂಗಾಲಿನ ನೋವು ಹರಡಿದ್ದೇ, ಒಂದೇ ಕಡೆ ಇಲ್ಲ. ಈ ವಾರ ನಡಿಗೆ ಮಾತ್ರ.

ಮೇಷ್ಟ್ರೇ, ದೊಡ್ಡಮ್ಮನಿಗೆ 1984ರ ಒಲಿಂಪಿಕ್ಸ್ ವಿಷಯ ಹೇಳಿದೆ. "ಅವರು ಓಡ್ಲಿ, ಅವರಿಗೆ ಬೆಳಗ್ಗೆ ದೋಸೆ ಹೊಯ್ಯಲಿಕ್ಕೆ ಉಂಟಾ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ವಾರಕ್ಕೆ ಮೂರು ದಿನ ದೋಸೆ ಗಂಡ ಹೊಯ್ಯುವುದು ಅಂತ ಈಗ ಮಾತಾಗಿದೆ. ಆಕಾರ ಕೇಳಬೇಡಿ.

ಉರ್ವಸ್ಟೋರ್ ಅಕ್ಕ, ನೀವು ಯಾವ ದಿನ ಸ್ಟೇಡಿಯಂಗೆ ಬರುವುದು? ಸಿಗಬಹುದಾ?

ಉರ್ವಸ್ಟೋರ್ ಅಕ್ಕ

ಮಂಗಳವಾರ, ಗುರುವಾರ, ಶನಿವಾರ. ಆರು ಗಂಟೆಗೆ ಗೇಟಿನ ಹತ್ತಿರ. ನೇರಳೆ ಟೀ-ಶರ್ಟ್, ತಲೆಗೆ ಗಂಡನ ಹಳೆ ಕ್ಯಾಪ್. ಶನಿವಾರ ಮಾತ್ರ ಸ್ವಲ್ಪ ತಡ ಆಗುತ್ತದೆ, ಮೀನಿನವಳು ಬೇಗ ಬರುತ್ತಾಳೆ.